ತವರಿನ ಉಡಿಯಲ್ಲಿ ಹೋದ ಬಿಳಿಜೋಳ

ಕರಿಮಣ್ಣಿನ ಒಂದು ರಾಜ್ಯವಿತ್ತಂತೆ. ಅಲ್ಲಿನ ಒಂದು ಊರಿನಲ್ಲಿ ಶಿವಗಂಗವ್ವ ಎಂಬ ಮುದುಕಿ ಎಂದಿನಂತೆ ಅಂಗಳದಲ್ಲಿ ಕುಳಿತು ಬೀಜದ ಬಿಳಿಜೋಳಕ್ಕೆ ಬೂದಿ ಬೆರೆಸುತ್ತಿದ್ದಳು. ಆಗ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳ್ರಿ! ಇನ್ನ ಅರಮನಿ ಹೊಸ ಬೀಜಾನೇ ಬಿತ್ತಬೇಕು. ಹಳೇ ಬೀಜ ಒಂದು ಕಾಳೂ ಬಿಡದಂಗ ಮಂತ್ರಿಗೆ ಒಪ್ಪಿಸಬೇಕು!"

ಹೊಸ ಬೀಜ ಜೊಳ್ಳಲ್ಲ, ಮಕ್ಕಳೇ. ಅದರ ತೆನೆ ದೊಡ್ಡದು, ಹುಳ ಹತ್ತುವುದಿಲ್ಲ. ಆದರೆ ಆ ಬೆಳೆಯಿಂದ ಎತ್ತಿಟ್ಟ ಕಾಳು ಮರುವರ್ಷ ಮೊಳೆಯದು. ಬಿತ್ತನೆ ಬಂತೆಂದರೆ ಮಂತ್ರಿಯ ಬಾಗಿಲಿಗೇ ಹೋಗಬೇಕು.

ನದಿಯಾಚೆಯ ರಾಜ್ಯಕ್ಕೆ ಕೊಟ್ಟಿದ್ದ ಮಗಳು ಬಾಳವ್ವ ಆಗ ತವರಿನಲ್ಲಿದ್ದಳು. ಹೊರಡುವ ಮಗಳ ಸೆರಗಿಗೆ ಕಾಳು ತುಂಬಿ ಕಳಿಸುವುದು ಆ ಸೀಮೆಯ ಪದ್ಧತಿ. ತುಂಬಿದ ಉಡಿಗೆ ಪರಗಂಡಸು ಕೈ ಹಾಕುವಂತಿಲ್ಲ. ಮುದುಕಿ ಬೀಜದ ಜೋಳವನ್ನೆಲ್ಲ ಮಗಳ ಉಡಿಗೆ ಸುರಿದಳು.

ಊರಬಾಗಿಲ ಅಗಸೆಯಲ್ಲಿ ಕಾವಲುಗಾರ ತಡೆದ. "ಉಡ್ಯಾಗ ಏನೈತಿ?"

"ತವರಿನ ಉಡಿ, ಅಣ್ಣಾ."

ಅವನು ಸರಿದ.

ದಳಪತಿ ತಡೆದ.

"ತವರಿನ ಉಡಿ, ಕಾಕಾ."

ಅವನೂ ಸರಿದ.

ಮಂತ್ರಿಯೇ ಬಂದು ಕೈ ಚಾಚಿದ. ಮಗಳನ್ನು ಕಳಿಸಲು ಬಂದು ಹಿಂದೆ ನಿಂತಿದ್ದ ಮುದುಕಿ ಕೇಳಿದಳು: "ನಿನಗ ಅಕ್ಕ-ತಂಗೇರು ಅದಾರೇನಪ್ಪ? ಅವರ ಉಡೀನೂ ಹಿಂಗ ತಡಕ್ತೀಯೇನು?"

ಕಾವಲುಗಾರರು ಮುಸಿಮುಸಿ ನಕ್ಕರು. ಮಂತ್ರಿ ಕೈ ಹಿಂದಕ್ಕೆಳೆದುಕೊಂಡ.

ಮೊದಲ ವರ್ಷ ಹೊಸ ಬೆಳೆ ತುಂಬಿ ಬಂತು. ಎರಡನೆಯ ವರ್ಷ ಬೀಜಕ್ಕೆ ಬದಲಾಗಿ ಮಂತ್ರಿ ಊರಿನ ಗೋಮಾಳ ಕೇಳಿದ. ಊರವರು ಕೊಡಲಿಲ್ಲ.

"ಹಾಗಾದರೆ ಬೀಜವೂ ಇಲ್ಲ" ಎಂದ.

ಸುದ್ದಿ ಬಾಳವ್ವನಿಗೆ ಮುಟ್ಟುವಷ್ಟರಲ್ಲಿ ಬಿತ್ತನೆಯ ಹದ ದಾಟಿತ್ತು. ಹೊಲಗಳು ಬೀಳುಬಿದ್ದವು. ಮುದುಕರು ತಮ್ಮ ಪಾಲಿನ ರೊಟ್ಟಿ ಮಕ್ಕಳಿಗೆ ಕೊಟ್ಟು ನೀರು ಕುಡಿದು ಮಲಗಿದರು.

ಮೂರನೆಯ ವರ್ಷ, ಹಸಿವು ಇವರನ್ನು ಬಗ್ಗಿಸಲಿ ಎಂದು ಮಂತ್ರಿ ಬೇಕಂತಲೇ ತಡಮಾಡಿ ಬಂದ. ಹೊಲದಲ್ಲಿ ಬಿಳಿಜೋಳ ಗೇಣುದ್ದ ಎದ್ದಿತ್ತು.

"ಎಲ್ಲಿಂದ ಬಂತು ಇದು?"

"ನೀವು ಮುಟ್ಟದ ಉಡಿಯಿಂದ, ಧಣಿ" ಎಂದ ಊರಗೌಡ.

ಬಾಳವ್ವ ಆಚೆ ದಡದಲ್ಲಿ ಬೆಳೆದ ಜೋಳವನ್ನು ಅಲ್ಲಿಗೆ ಕೊಟ್ಟ ಈ ಊರಿನ ಹೆಣ್ಣುಮಕ್ಕಳೆಲ್ಲ ಉಡಿಯಲ್ಲಿ ತವರಿಗೆ ತಂದಿದ್ದರು. ಮಂತ್ರಿ ರಾಜನಿಗೆ ದೂರು ಕೊಟ್ಟ. "ಉಡಿಯ ಕಾಳು ಕಸಿಯಲು ನನಗೂ ಅಧಿಕಾರವಿಲ್ಲ" ಎಂದ ರಾಜ, ಹಳೇ ಬೀಜ ಒಪ್ಪಿಸಬೇಕೆಂಬ ಆಜ್ಞೆಯನ್ನು ಹಿಂತೆಗೆದುಕೊಂಡ.

ಹೊಸ ಬೀಜ ಕೆಟ್ಟದ್ದಲ್ಲ, ಮಕ್ಕಳೇ. ಆದರೆ ಬೀಜ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿರುತ್ತದೆ. ಹೊಸದನ್ನು ಪಡೆಯುವವರು ತಮ್ಮದನ್ನು ಬಿಟ್ಟುಕೊಡಬಾರದು.

ಹಸಿವಿನ ವರ್ಷ ದಾಟದೆ ಹೋದ ಶಿವಗಂಗವ್ವನ ಹೊಲವನ್ನು ಆ ಸಲ ಬಿತ್ತಿದವಳು ಬಾಳವ್ವ.