ಕಂಪ್ಯೂಟರ್ ಪರೀಕ್ಷೆಗೆ ಕೂತ ಮರಿಸ್ವಾಮಿ

ಒಂದೇ ಗೋಡೆಯ ಆಚೆ ಈಚೆ ಇಬ್ಬರು ವಾರಗಿತ್ತಿಯರಿದ್ದರು. ಈಚೆ ದೊಡ್ಡವಳು ಮಾದಮ್ಮ, ಆಚೆ ಚಿಕ್ಕವಳು ಕೆಂಪಾಜಮ್ಮ. ಇಬ್ಬರಿಗೂ ಒಬ್ಬೊಬ್ಬನೇ ಮಗ, ಇಬ್ಬರೂ ಒಂದೇ ಕ್ಲಾಸು. ಕೆಂಪಾಜಮ್ಮನ ಮಗ ಗುರುಪ್ರಸಾದ ಬಲು ಚೂಟಿ. ಮಾದಮ್ಮನ ಮಗ ಮರಿಸ್ವಾಮಿಗೆ ಮೀಸೆ ಚಿಗುರಿತ್ತೇ ಹೊರತು ಬುದ್ಧಿ ಚಿಗುರಿರಲಿಲ್ಲ. ‘ಬಾಗಿಲು ನೋಡ್ಕೊಂಡಿರ್ಲಾ’ ಅಂದರೆ ಬಾಗಿಲನ್ನೇ ನೋಡುತ್ತಾ ಕೂರೋನು. ಬೆನ್ನ ಹಿಂದೆ ಮೇಕೆ ಬಂದು ಒಣಹಾಕಿದ ರಾಗಿ ಮುಕ್ಕಿದರೂ ತಿರುಗಿ ನೋಡೋನಲ್ಲ. ಅವ್ವ ಏನು ಹೇಳಿದರೂ ‘ಆಗ್ಲಿ ಕಣವ್ವ’ ಅನ್ನೋನು. ಅಂದದ್ದನ್ನು ಅಂದ ಹಾಗೇ ಮಾಡೋನು. ಅದೇ ತೊಂದರೆ.

ಒಂದು ಸಲ ಅವರ ಸ್ಕೂಲಿಗೆ ಮೈಸೂರಿಂದ ಒಬ್ಬ ಮೇಡಮ್ಮು ಲ್ಯಾಪ್‌ಟಾಪು ಹೊತ್ತುಕೊಂಡು ಬಂದರು. ಮೀಸೆ ಮೂಡುವ ವಯಸ್ಸಿನ ಹುಡುಗರು ಇನ್ನೊಬ್ಬರ ಮನಸ್ಸನ್ನು ಎಷ್ಟರಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಕಂಪ್ಯೂಟರಿನಲ್ಲಿ ನೋಡುವ ಪರೀಕ್ಷೆ ಅದು. ಪಾಸು ಫೇಲು ಏನಿಲ್ಲ ಅಂತ ಮೇಡಮ್ಮು ಮೊದಲೇ ಹೇಳಿದ್ದರು.

ಪರದೆ ಮೇಲೆ ಒಬ್ಬ ಹುಡುಗ. ಊಟದ ಡಬ್ಬಿ ಕೈಜಾರಿ ಅನ್ನವೆಲ್ಲ ನೆಲದ ಪಾಲಾಗಿದೆ. ‘ನೀನು ಅವನ ಜಾಗದಲ್ಲಿದ್ದರೆ ನಿನಗೆ ಹೇಗನ್ನಿಸುತ್ತೆ?’ ಅಂತ ಕಂಪ್ಯೂಟರು ಕೇಳಿತು. ಗುರು ಟಕ್ಕನೆ ‘ಬೇಜಾರಾಗುತ್ತೆ’ ಅನ್ನೋದನ್ನು ಒತ್ತಿದ. ಮರಿಸ್ವಾಮಿ ಎದ್ದು ಲ್ಯಾಪ್‌ಟಾಪಿನ ಹಿಂದಕ್ಕೆ ಹೋದ, ಬಗ್ಗಿ ನೋಡಿದ, ಕೈಯಾಡಿಸಿದ. ಆಮೇಲೆ, “ಅವನ ಜಾಗದಲ್ಲಿ ನಾನು ಹಿಡಿಯಕ್ಕಿಲ್ಲ ಮೇಡಂ,” ಅಂದ.

ಸಂಜೆ ನಲ್ಲಿ ಹತ್ತಿರ ಕೆಂಪಾಜಮ್ಮ ಕೊಡ ತುಂಬುತ್ತಾ, “ನಮ್ಮ ಗುರು ಎದುರಿಗಿರೋರ ಮನಸ್ಸನ್ನೇ ಓದ್ಬುಡ್ತಾನಂತೆ ಕಣಕ್ಕ. ಕಂಪ್ಯೂಟರೇ ಹೇಳ್ತಂತೆ,” ಅಂದಳು. ಮಾದಮ್ಮನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂಗಾಯ್ತು. ನೀರು ತುಂಬಿತೋ ಇಲ್ಲವೋ ನೋಡದೆ ಮನೆಗೆ ಬಂದಳು.

“ಅವನು ಹೆತ್ತವ್ವನ ಹೆಸರು ಮೆರೆಸ್ತಾವ್ನೆ. ನೀನು ಕಂಪ್ಯೂಟರ್ ಹಿಂದುಗಡೆ ತಡಕಾಡ್ತೀಯಲ್ಲ. ಕೇಳ್ಕೊ. ಯಾರಾದ್ರೂ ಕಣ್ಣೀರು ಹಾಕ್ತಿದ್ರೆ, ಹತ್ತಿರಕ್ಕೋಗಿ, ‘ಅಯ್ಯೋ ಪಾಪ, ಆಗಬಾರದ್ದು ಆಗೋಯ್ತಲ್ಲ’ ಅನ್ನಬೇಕು.”

“ಆಗ್ಲಿ ಕಣವ್ವ,” ಅಂದ ಮರಿಸ್ವಾಮಿ.

ಮಗ ಶಭಾಷ್ ಅನ್ನಿಸಿಕೊಂಡ ಅಂತ ಆ ಭಾನುವಾರ ಕೆಂಪಾಜಮ್ಮ ತವರಿನವರನ್ನೆಲ್ಲ ಊಟಕ್ಕೆ ಕರೆದಳು. ಅಂಗಳದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ಬಳಬಳ ನೀರು. ಮರಿಸ್ವಾಮಿ ನೋಡಿದ, ಓಡಿಹೋಗಿ ಎದುರಿಗೆ ಕುಕ್ಕರಿಸಿದ.

“ಅಯ್ಯೋ ಪಾಪ ಚಿಕ್ಕವ್ವ, ಆಗಬಾರದ್ದು ಆಗೋಯ್ತಲ್ಲ!”

ಆಗಷ್ಟೇ ಬಸ್ಸಿಳಿದು ಬರುತ್ತಿದ್ದ ತವರಿನವರು ಬೀದಿಯಲ್ಲೇ ಎದೆ ಬಡಿದುಕೊಂಡರು. ಅಳುತ್ತಲೇ ಒಳಗೆ ಬಂದರು. ಯಾರು ಹೋದರು ಅಂತ ಯಾರಿಗೂ ಗೊತ್ತಿಲ್ಲ, ಎಲ್ಲರೂ ಅಳೋರೇ. ಸಮಾಧಾನವಾಗೋ ಹೊತ್ತಿಗೆ ಒಲೆ ಮೇಲಿನ ಸಾರು ಸೀದು ಹೋಗಿತ್ತು. ಕೆಂಪಾಜಮ್ಮ ಗೋಡೆ ಮೇಲಿಂದ ಕತ್ತು ಚಾಚಿ, “ನಮ್ಮ ಸಂತೋಷ ಕಂಡರೆ ಆಗದಿದ್ರೆ ನೀನೇ ಬಂದು ಹೇಳಕ್ಕ. ಹೈದನ್ನ ಯಾಕೆ ಕಳಿಸ್ತೀಯ?” ಅಂದಳು.

ಸಾರು ಸೀದದ್ದಕ್ಕೆ ಮಾದಮ್ಮನಿಗೆ ಒಳಗೊಳಗೇ ಕೊಂಚ ಹಿತವಾಗಿತ್ತು, ಸುಳ್ಳ್ಯಾಕೆ. ಆದರೂ ಮಗನಿಗೆ ಬೈದಳು.

“ಬರೀ ಕಣ್ಣೀರು ನೋಡಿ ನಂಬಬ್ಯಾಡ ಕಣೋ. ಮುಖ ನೋಡಬೇಕು. ಮುಖ ನಗ್ತಿದ್ರೆ ನೀನೂ ನಗಬೇಕು.”

“ಆಗ್ಲಿ ಕಣವ್ವ.”

ಮುಂದೆ ಬಂದದ್ದು ಮೇಲಿನ ಬೀದಿ ಹಿರಿಯರೊಬ್ಬರ ತಿಥಿ. ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಅದು ಬರೀ ಕಣ್ಣೀರು, ನಂಬಬಾರದು ಅಂದುಕೊಂಡ ಮರಿಸ್ವಾಮಿ ಮುಖ ಹುಡುಕಿದ. ಹಾರ ಹಾಕಿದ ಫೋಟೋದಲ್ಲಿ ಆ ಹಿರಿಯರು ಹಲ್ಲು ಬಿಟ್ಟುಕೊಂಡು ನಗುತ್ತಿದ್ದರು. ಮರಿಸ್ವಾಮಿ ಫೋಟೋದ ಎದುರು ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿ ಗುರು ಕೈಮುಗಿದು ತಲೆತಗ್ಗಿಸಿ ನಿಂತಿದ್ದ. ನೋಡಿದವರೆಲ್ಲ, “ಹೆತ್ತರೆ ಕೆಂಪಾಜಮ್ಮನ ಹಂಗೆ ಹೆರಬೇಕು,” ಅಂದರು. ಮಾದಮ್ಮ ತಿಥಿ ಊಟ ಬಿಟ್ಟು ಮಗನನ್ನು ಎಳೆದುಕೊಂಡು ಬಂದಳು.

“ನಿಂಗೆ ಹೇಳಿ ಹೇಳಿ ನನ್ನ ಬಾಯಿ ಒಣಗೋಯ್ತು. ಇನ್ನು ನಾನೇನೂ ಹೇಳಕ್ಕಿಲ್ಲ. ಗುರು ಏನು ಮಾಡ್ತಾನೋ ಅದನ್ನೇ ಮಾಡು. ಅವನು ಏನಂತಾನೋ ಅದನ್ನೇ ಅನ್ನು.”

“ಆಗ್ಲಿ ಕಣವ್ವ.”

ಕೆಲವು ದಿನ ಬಿಟ್ಟು ಮೇಡಮ್ಮು ಎರಡನೇ ಸುತ್ತಿಗೆ ಬಂದರು. ಈ ಸಲ ಇಬ್ಬರಿಗೂ ಅಕ್ಕಪಕ್ಕ ಕಂಪ್ಯೂಟರು. ಗುರು ಕ್ರಾಪು ತೀಡಿದ, ಮರಿಸ್ವಾಮಿ ಕ್ರಾಪು ತೀಡಿದ. ಗುರು ಕೆಮ್ಮಿದ, ಮರಿಸ್ವಾಮಿ ಕೆಮ್ಮಿದ. ಪರದೆ ಮೇಲೆ ಹೊಸ ಹುಡುಗನೊಬ್ಬ ಆಟದ ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದ. ಗುರು ‘ಆಟಕ್ಕೆ ಕರೀತೀನಿ’ ಅಂತ ಒತ್ತಿದ, ಮರಿಸ್ವಾಮಿ ಅದನ್ನೇ ಒತ್ತಿದ. ಕೊನೆಗೆ ಮೇಡಮ್ಮು ಹೆಸರು ಕೇಳಿದರು.

“ಗುರುಪ್ರಸಾದ,” ಅಂದ ಗುರು.

“ಗುರುಪ್ರಸಾದ,” ಅಂದ ಮರಿಸ್ವಾಮಿ.

ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. ಆದರೆ ಮಾದಮ್ಮನ ಕಿವಿಗೆ ಬಿದ್ದದ್ದು, ನಿನ್ನ ಮಗ ಗುರುವಿನ ಸರಿಸಮಕ್ಕೆ ಉತ್ತರ ಕೊಟ್ಟವ್ನೆ ಅನ್ನೋದಷ್ಟೇ. ಅವಳಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಒಲೆ ಹೊತ್ತಿಸಿ ಶಾವಿಗೆ ಪಾಯಸ ಮಾಡಿದಳು. ಕೆಂಪಾಜಮ್ಮನ ಮೂಗಿಗೆ ಬಡಿಯಲಿ ಅಂತ ಏಲಕ್ಕಿ ಒಂದು ಹಿಡಿ ಜಾಸ್ತಿಯೇ ಹಾಕಿ, ಹೊಸಿಲಿನಲ್ಲಿ ಕೂತು ಕಾದಳು. ಸ್ಕೂಲು ಬಿಟ್ಟ ಹುಡುಗರೆಲ್ಲ ಬಂದರು. ಮರಿಸ್ವಾಮಿ ಬರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ಅವನದೇ ದನಿ ಕೇಳಿಸಿತು.

“ಅವ್ವಾ, ಇನ್ನೊಂದು ಸೌಟು ಸಾರು ಬುಡವ್ವ.”

ಮಾದಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ನಡುಮನೆಯಲ್ಲಿ ಗುರು ಕೂತು ಉಣ್ಣುತ್ತಿದ್ದ, ಪಕ್ಕದಲ್ಲಿ ಇವನೂ ಕೂತು ಉಣ್ಣುತ್ತಿದ್ದ. ಕೆಂಪಾಜಮ್ಮ ಬಡಿಸುತ್ತಾ, “ಏನು ಮಾಡ್ಲಕ್ಕ, ಅವನಾಗೇ ಅವ್ವ ಅಂತಾನೆ,” ಅಂದಳು. ತುಟಿ ಕೊನೆಯಲ್ಲಿ ನಗು.

“ಏಳ್ಲಾ ಮನೆಗೆ,” ಅಂದಳು ಮಾದಮ್ಮ.

ಮರಿಸ್ವಾಮಿ ಗುರುವಿನ ಮುಖ ನೋಡಿದ. ಗುರು ಏಳಲಿಲ್ಲ. ಇವನೂ ಏಳಲಿಲ್ಲ.

ಮಾದಮ್ಮ ಅವಮಾನ ನುಂಗಿಕೊಂಡು, “ಗುರು, ನಮ್ಮನೇಲಿ ಪಾಯಸ ಮಾಡಿವ್ನಿ, ಬಾರಪ್ಪ,” ಅಂದಳು. ಗುರು ಕೈತೊಳೆದು ಎದ್ದ. ಮರಿಸ್ವಾಮಿಯೂ ಎದ್ದ. ಇಬ್ಬರೂ ಈಚೆ ಮನೆಗೆ ಬಂದು ಕೂತರು, ಇಬ್ಬರೂ ಪಾಯಸ ಕುಡಿದರು.

“ಚೆನ್ನಾಗದೆ ದೊಡ್ಡವ್ವ,” ಅಂದ ಗುರು.

“ಚೆನ್ನಾಗದೆ ದೊಡ್ಡವ್ವ,” ಅಂದ ಮರಿಸ್ವಾಮಿ.

ಹೆತ್ತ ಮಗನ ಬಾಯಲ್ಲಿ ದೊಡ್ಡವ್ವ ಅನ್ನಿಸಿಕೊಂಡ ಮಾದಮ್ಮ ಗುರುವಿನ ಗಲ್ಲ ಹಿಡಿದುಕೊಂಡಳು.

“ನಿನ್ನ ದಮ್ಮಯ್ಯ ಮಗಾ, ಒಂದೇ ಒಂದ್ಸಲ ನನ್ನ ಅವ್ವ ಅನ್ನು.”

ಗುರು ಎದುರಿಗಿರೋರ ಮನಸ್ಸು ಓದೋನಲ್ಲವೇ. “ಅವ್ವ,” ಅಂದ.

“ಅವ್ವ,” ಅಂದ ಮರಿಸ್ವಾಮಿ. ಮಾದಮ್ಮನ ಎದೆ ತಂಪಾಯಿತು.

ಮಕ್ಕಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕೆಂಪಾಜಮ್ಮನಿಗೆ ಅದು ಕೇಳಿಸಿತು. ಅವಳ ತುಟಿ ಕೊನೆಯ ನಗು ಎಲ್ಲಿ ಹೋಯಿತೋ.

“ಇನ್ನೊಬ್ಬಳನ್ನ ಅವ್ವ ಅಂತೀಯೇನೋ? ನಡಿ ಮನೆಗೆ,” ಅಂತ ಗುರುವಿನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು.

ಮರಿಸ್ವಾಮಿ ಲೋಟ ಕೆಳಗಿಟ್ಟ. ತನ್ನ ರಟ್ಟೆಯನ್ನು ತಾನೇ ಹಿಡಿದುಕೊಂಡ. ದರದರ ಎಳೆದುಕೊಳ್ಳುತ್ತಾ, ಅವರ ಹಿಂದೆಯೇ ಕೆಂಪಾಜಮ್ಮನ ಮನೆಗೆ ನಡೆದ.