ಮೂರು ಬಾಲದ ಚಿರತೆ

ಮಕ್ಕಳೇ, ಬಂಡೆಯ ಮೇಲೆ ಬಂಡೆ ಕೂತು ಗುಡ್ಡವಾದ ಒಂದು ಕಾಡಿತ್ತು. ಗುಡ್ಡದ ಕೆಳಗೆ ಸಣ್ಣ ಹಳ್ಳ. ಹಳ್ಳದ ದಡದಲ್ಲಿ ನೆಲದವರೆಗೂ ಬಿಳಲು ಬಿಟ್ಟ ದೊಡ್ಡ ಆಲದ ಮರ. ಗುಡ್ಡದ ನೆತ್ತಿಯಲ್ಲಿ ಕಪ್ಪು ಮೋರೆಯ, ಉದ್ದ ಬಾಲದ ಮುಸುವಗಳ ಹಿಂಡೊಂದು ವಾಸವಾಗಿತ್ತು. ಮುಸುವ ಅಂದರೆ ಮಂಗನ ಜಾತಿಯೇ. ಆದರೆ ಹಾಗಂತ ಅದರ ಎದುರಿಗೆ ಹೇಳಬೇಡಿ, ಮುನಿಸಿಕೊಳ್ಳುತ್ತದೆ.

ಆ ಹಿಂಡಿನಲ್ಲಿ ಗಾಳೆವ್ವ ಎಂಬ ತಾಯಿ ಇದ್ದಳು. ಅವಳಿಗೆ ಚಿಗುರಿ ಎಂಬ ಒಂದೇ ಒಂದು ಹೆಣ್ಣುಮರಿ. ಗಾಳೆವ್ವನಷ್ಟು ಅಂಜುಬುರುಕಿ ಆ ಗುಡ್ಡದಲ್ಲಿ ಇನ್ನೊಬ್ಬಳಿರಲಿಲ್ಲ. ಎಲೆ ಅಲ್ಲಾಡಿದರೂ ಮರಿಯನ್ನು ಎದೆಗೆ ಅವಚಿಕೊಳ್ಳುವಳು. ಮರಿಯೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿತ್ತು. ಈಗ ಇಲ್ಲಿತ್ತಲ್ಲ ಅನ್ನುವಷ್ಟರಲ್ಲಿ ಆಚೆ ಬಂಡೆಯ ಮೇಲಿರುತ್ತಿತ್ತು. ಪಾಪ, ಹಗಲೆಲ್ಲ ಆ ತಾಯಿಗೆ ಜೀವ ಕೈಯಲ್ಲಿ ಹಿಡಿದುಕೊಂಡೇ ಇರುವ ಪಾಡು.

ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬಂಡೆ ಇನ್ನೂ ಬೆಚ್ಚಗಿರುವಾಗ ತಾಯಂದಿರು ಮರಿಗಳನ್ನು ಸುತ್ತ ಕೂರಿಸಿಕೊಂಡು ಚಿರತೆಯ ಕತೆ ಹೇಳಬೇಕು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರೆ ಮರ್ಯಾದೆ ಇಲ್ಲ. ತನ್ನದೊಂದು ತುಣುಕು ಸೇರಿಸಿಯೇ ಹೇಳಬೇಕು. ಸೇರಿಸದವಳಿಗೆ "ಇವಳ ನಾಲಿಗೆ ಸಪ್ಪೆ" ಅನ್ನುತ್ತಿದ್ದರು.

ಹೀಗೆ ಒಬ್ಬಳು ಚಿರತೆಯ ಮೂಗಿನಲ್ಲಿ ಹೊಗೆ ಎಬ್ಬಿಸಿದಳು. ಇನ್ನೊಬ್ಬಳು ಅದಕ್ಕೆ ಎರಡು ಬಾಯಿ ಕೊಟ್ಟಳು. ಮತ್ತೊಬ್ಬಳು, ಅದು ನಡೆದರೆ ಗುಡ್ಡವೇ ನಡುಗುತ್ತದೆ ಅಂದಳು. ಗಾಳೆವ್ವನಿಗೆ ಇದ್ಯಾವುದೂ ಸಾಲಲಿಲ್ಲ. ಮರಿ ತನ್ನ ಕಾಲ ಬುಡ ಬಿಟ್ಟು ಕದಲಬಾರದಲ್ಲ! ಅವಳು ಚಿರತೆಗೆ ಮೂರು ಬಾಲ ಜೋಡಿಸಿದಳು.

"ಒಂದು ಬಾಲದಲ್ಲಿ ಮರಿಗಳನ್ನು ಹಿಡಿಯುತ್ತೆ. ಒಂದರಲ್ಲಿ ಕಟ್ಟಿಹಾಕುತ್ತೆ. ಇನ್ನೊಂದರಲ್ಲಿ ಬಾರಿಸುತ್ತೆ. ತಿಳೀತಾ?"

ಚಿಗುರಿ ಗಡಗಡ ನಡುಗಿ ತಾಯಿಯ ಹೊಟ್ಟೆಗೆ ಅಂಟಿಕೊಂಡಿತು. ಗಾಳೆವ್ವನಿಗೆ ಸಮಾಧಾನವಾಯಿತು. ಕಡ್ಡಿಯನ್ನು ಗುಡ್ಡ ಮಾಡಿದರೆ ತಪ್ಪೇನು, ಮರಿ ಮಡಿಲಲ್ಲಿದ್ದರೆ ಸಾಕು ಅಂದುಕೊಂಡಳು.

ನಿಜ ಹೇಳಬೇಕೆಂದರೆ ಗಾಳೆವ್ವ ಹುಟ್ಟಿದಾಗಿನಿಂದ ಒಂದು ಸಲವೂ ಚಿರತೆಯನ್ನು ಕಂಡವಳಲ್ಲ. ಕತೆ ಹೇಳುವ ಬೇರೆ ತಾಯಂದಿರೂ ಅಷ್ಟೇ. ಕಂಡವನು ಇಡೀ ಹಿಂಡಿನಲ್ಲಿ ಒಬ್ಬನೇ, ಮೋಟುಬಾಲದ ದುರುಗಜ್ಜ. ಅವನ ಅರ್ಧ ಬಾಲ ಚಿರತೆಯ ಪಾಲಾಗಿತ್ತು.

"ಬೆಳಗಿನಿಂದ ಮಧ್ಯಾಹ್ನದ ತನಕ ಕಾದಾಡಿದೆ," ಎಂದು ಅವನು ಎದೆ ಸೆಟೆಸಿ ಹೇಳುತ್ತಿದ್ದ. "ಅದರ ಮೂರು ಬಾಲದಲ್ಲಿ ಎರಡನ್ನು ನಾನು ಕಿತ್ತೆ. ನನ್ನ ಅರ್ಧ ಬಾಲ ಅದು ಕಿತ್ತಿತು. ಲೆಕ್ಕ ಹಾಕಿ, ಗೆದ್ದವರು ಯಾರು?"

"ನೀನೇ ಅಜ್ಜಾ," ಎಂದು ಮರಿಗಳು ಕೂಗುತ್ತಿದ್ದವು. ದುರುಗಜ್ಜನಿಗೆ ಒಳ್ಳೊಳ್ಳೆಯ ಹಣ್ಣು ತಂದುಕೊಡುತ್ತಿದ್ದವು.

ಒಂದು ಸಂಜೆ ಚಿಗುರಿ ಹಳ್ಳದ ಕಡೆಯಿಂದ ತಡವಾಗಿ ಬಂತು. ಅಷ್ಟರಲ್ಲಿ ಗಾಳೆವ್ವ ಗುಡ್ಡವನ್ನೆಲ್ಲ ತಡಕಾಡಿ ಸುಸ್ತಾಗಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆ? ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ದೀಯಾ?"

"ಬೈಬೇಡವ್ವ. ಹಳ್ಳದ ಹತ್ತಿರ ಒಬ್ಬಳು ಅತ್ತೆ ಸಿಕ್ಕಿದ್ದಳು. ಮೈಯೆಲ್ಲ ಚುಕ್ಕಿ, ನೋಡೋಕೆ ಎಷ್ಟು ಚೆಂದ ಗೊತ್ತಾ? ನಾನು ಬಂಡೆಯ ಸಂದಿಯಲ್ಲಿ ಕೂತಿದ್ದೆ. ಅವಳಿಗೆ ಒಳಗೆ ಬರೋಕೆ ಆಗಲಿಲ್ಲ, ಕೈ ಮಾತ್ರ ಹಾಕಿದಳು. ಆಮೇಲೆ, ನಾಳೆ ಆಲದ ಮರದ ಕೆಳಗೆ ಬಾ, ಆಡೋಣ ಅಂದಳು."

ಗಾಳೆವ್ವನ ಎದೆ ಧಸಕ್ಕೆಂದಿತು. 

"ಅವಳಿಗೆ ಬಾಲ ಎಷ್ಟಿತ್ತು?"

"ಒಂದೇ."

"ಬಾಯಿ?"

"ಒಂದೇ ಅವ್ವ. ಎಲ್ಲರಿಗೂ ಇರೋ ಹಾಗೆ."

"ಮೂಗಲ್ಲಿ ಹೊಗೆ ಬರುತ್ತಿತ್ತಾ? ನಡೆದರೆ ನೆಲ ನಡುಗಿತಾ?"

"ಇಲ್ಲಪ್ಪ. ಅವಳು ಬಂದದ್ದೇ ನನಗೆ ಗೊತ್ತಾಗಲಿಲ್ಲ."

ಗಾಳೆವ್ವ ಉಸ್ಸಪ್ಪ ಎಂದು ಉಸಿರು ಬಿಟ್ಟಳು. "ಹಾಗಾದರೆ ಯಾವುದೋ ಕಾಡುಬೆಕ್ಕು ಇರಬೇಕು. ಮೈ ಬೆಳೆದಿರುತ್ತೆ ಅಷ್ಟೇ. ಹೋಗಲಿ ಬಿಡು, ಬಾ ಮಲಗು."

ನೋಡಿದಿರಾ? ತಾನೇ ಕಟ್ಟಿದ ಸುಳ್ಳು ತನ್ನ ಕಣ್ಣಿಗೇ ಮಣ್ಣೆರಚಿತು.  

ಮರುದಿನ ಬಿಸಿಲೇರಿದ ಮೇಲೆ ಗಾಳೆವ್ವ ದುರುಗಜ್ಜನ ಬೆನ್ನಿನ ಹೇನು ಹೆಕ್ಕುತ್ತ ಕೂತಿದ್ದಳು. ಮುಸುವಗಳ ಸುಖದುಃಖದ ಮಾತೆಲ್ಲ ನಡೆಯುವುದು ಹೇನು ಹೆಕ್ಕುವಾಗಲೇ. ಸುತ್ತ ಮರಿಗಳು ಆಡುತ್ತಿದ್ದವು. ಚಿಗುರಿ ಮಾತ್ರ ಇರಲಿಲ್ಲ. ಆಗಲೇ ಹಳ್ಳದ ಕಡೆಗೆ ಇಳಿದುಹೋಗಿತ್ತು. ಬರೀ ಕಾಡುಬೆಕ್ಕಲ್ಲವೇ ಎಂದು ಗಾಳೆವ್ವ ತಡೆದಿರಲಿಲ್ಲ.

"ಅಜ್ಜಾ, ನಮ್ಮ ಚಿಗುರಿಗೆ ನಿನ್ನೆ ಒಂದು ದೊಡ್ಡ ಕಾಡುಬೆಕ್ಕು ಸಿಕ್ಕಿತ್ತಂತೆ. ಮೈಯೆಲ್ಲ ಚುಕ್ಕಿಯಂತೆ. ಬಂದದ್ದೇ ಗೊತ್ತಾಗಲಿಲ್ಲ ಅಂತಿತ್ತು."

ಅವಳ ಬೆರಳಿನ ಕೆಳಗೆ ದುರುಗಜ್ಜನ ಬೆನ್ನು ಸೆಟೆಯಿತು.

"ಏನಾಯ್ತಜ್ಜಾ?"

"ಏನೂ ಇಲ್ಲ. ನೀನು ಹೆಕ್ಕು."

"ಏನೂ ಇಲ್ಲದಿದ್ದರೆ ಮೈ ಯಾಕೆ ನಡುಗುತ್ತಿದೆ?"

"ಚಳಿ."

"ಬಂಡೆ ಕಾದು ಹೆಂಚಾಗಿದೆ, ಚಳಿಯಂತೆ ಚಳಿ! ಅಜ್ಜಾ, ನನ್ನ ಮುಖ ನೋಡಿ ಹೇಳು. ಚಿರತೆಗೆ ಬಾಲ ಎಷ್ಟು?"

ದುರುಗಜ್ಜ ಸುತ್ತ ಆಡುತ್ತಿದ್ದ ಮರಿಗಳ ಕಡೆ ನೋಡಿದ. "ಮೂರು ಅಂತ ದಿನಾ ನೀನೇ ಹೇಳುತ್ತೀಯಲ್ಲ," ಎಂದು ಗೊಣಗಿದ.

"ನನ್ನ ಕತೆ ಸುಟ್ಟುಹೋಗಲಿ. ನೀನು ಕಣ್ಣಲ್ಲಿ ಕಂಡದ್ದು ಹೇಳು. ನನ್ನ ಮರಿ ಅಲ್ಲಿಗೇ ಹೋಗಿದೆ."

ಮುದುಕ ತಲೆ ತಗ್ಗಿಸಿದ. ಮರಿಗಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಒಂದೇ ಬಾಲ ಗಾಳೆವ್ವ," ಅಂದ. "ಮೈಯೆಲ್ಲ ಚುಕ್ಕಿ. ಬರುವಾಗ ಸದ್ದೇ ಇರಲ್ಲ."

ಗಾಳೆವ್ವ ಆ ಮಾತು ಮುಗಿಯುವ ತನಕವೂ ಕೂತಿರಲಿಲ್ಲ. ಬಂಡೆಯಿಂದ ಬಂಡೆಗೆ ಹಾರಿದಳು, ಜಾರಿದಳು, ಮೊಣಕಾಲು ತರಚಿತು, ಗೊತ್ತೇ ಆಗಲಿಲ್ಲ. ಕೈ ಮಾತ್ರ ಅದಾಗಿಯೇ ಕೊಂಬೆ ಹಿಡಿಯುತ್ತಿತ್ತು, ಬಿಡುತ್ತಿತ್ತು. ಅಯ್ಯೋ ದೇವರೇ, ನಿನ್ನೆ ಸಂಜೆ ಮರಿ ಎಲ್ಲವನ್ನೂ ಬಿಡಿಸಿ ಹೇಳಿತ್ತಲ್ಲ! ಸಂದಿಯೊಳಗೆ ಕೈ ಹಾಕಿತು ಅಂದಿತ್ತಲ್ಲ! ಆಡುವವರು ಯಾರಾದರೂ ಸಂದಿಯೊಳಗೆ ಕೈ ಹಾಕುತ್ತಾರೆಯೇ? ಬಾಲ ಎಣಿಸುತ್ತ ಕೂತೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಲದ ಮರದ ಕೊಂಬೆಗೆ ಬಂದು ಕೆಳಗೆ ನೋಡಿದಳು. ಚಿಗುರಿ ನೆಲದ ಹತ್ತಿರ ಒಂದು ಬಿಳಲನ್ನು ಹಿಡಿದು ತೂಗಾಡುತ್ತಿತ್ತು. ಮರಿ ಇನ್ನೂ ಇದೆ! ಗಾಳೆವ್ವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪಕ್ಕದ ಒಣಹುಲ್ಲಿನಲ್ಲಿ ಚುಕ್ಕಿ ಚುಕ್ಕಿಯ ಮೈಯೊಂದು ಕಣ್ಣಿಗೆ ಬಿತ್ತು. ನೋಡಲು ಚೆಂದವಾಗಿಯೇ ಇತ್ತು, ಮರಿ ಹೇಳಿದ ಹಾಗೆಯೇ. ಅದು ಅಲುಗಾಡದೆ ಚಿಗುರಿಯನ್ನೇ ನೋಡುತ್ತಿತ್ತು.

ಗಾಳೆವ್ವನಿಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿಕೊಂಡಳು.

"ಚಿರತೆ! ಚಿರತೆ ಬಂತು!"

ಆ ಕೂಗು ಕೇಳಿದರೆ ಮುಸುವದ ಮರಿ ಮರ ಹತ್ತಬೇಕು. ಚಿಗುರಿ ಬೆಚ್ಚಿಬಿದ್ದು ಸುತ್ತ ನೋಡಿತು. ಗುಡ್ಡ ನಡುಗುತ್ತಿರಲಿಲ್ಲ. ಎಲ್ಲೂ ಹೊಗೆ ಕಾಣಲಿಲ್ಲ. ಮೂರು ಬಾಲದ ಭೂತ ಯಾವ ಕಡೆಯಿಂದ ಬರುತ್ತದೋ! ಹುಲ್ಲಿನಲ್ಲಿ ಕಂಡದ್ದು ಪರಿಚಯದ ಚುಕ್ಕಿ ಅತ್ತೆ ಮಾತ್ರ. ಮರಿ ಬಿಳಲು ಬಿಟ್ಟು ಅವಳ ಹತ್ತಿರವೇ ಓಡಿತು.

"ಅತ್ತೆ, ಚಿರತೆ ಬಂತಂತೆ. ನನ್ನನ್ನು ಬಚ್ಚಿಡು."

ಮೇಲೆ ಗಾಳೆವ್ವ ಕೊಂಬೆಯ ತುದಿಗೆ ಧಾವಿಸಿದಳು.

ಚಿರತೆಗೂ ಒಂದು ಗಳಿಗೆ ನಂಬಲಾಗಲಿಲ್ಲ. ಊಟ ತಾನಾಗಿಯೇ ನಡೆದು ಬರುವುದನ್ನು ಅದು ಎಂದೂ ಕಂಡಿರಲಿಲ್ಲ. "ಬಾ ಕಂದಾ," ಎಂದಿತು ಜೇನಿನಂಥ ದನಿಯಲ್ಲಿ. "ನಾನಿರುವಾಗ ಬೇರೆ ಯಾವ ಚಿರತೆಯೂ ನಿನ್ನನ್ನು ಮುಟ್ಟೋದಿಲ್ಲ." ಆಮೇಲೆ ಮೇಲೆ ನೋಡಿ, "ನೀವೂ ಇಳಿದು ಬನ್ನಿ ಅಕ್ಕಾ. ಅಲ್ಲಿ ಒಬ್ಬರೇ ಯಾಕೆ ಹೆದರುತ್ತೀರಿ?" ಎಂದಿತು. ಮರಿ ಒಂದು ತುತ್ತಿಗೂ ಸಾಲದು, ತಾಯಿಯೂ ಸಿಕ್ಕರೆ ಹೊಟ್ಟೆ ತುಂಬುತ್ತದೆ ಎಂಬ ಲೆಕ್ಕ ಅದರದು. ಅದಕ್ಕೇ ಕಾಯುತ್ತಿತ್ತು.

"ಚಿಗುರಿ, ಮೇಲೆ ಬಾ. ಅದೇ ಚಿರತೆ," ಅಂದಳು ಗಾಳೆವ್ವ. ದನಿ ಒಡೆದಿತ್ತು.

"ಇಲ್ಲವ್ವ, ಅತ್ತೆಗೆ ಒಂದೇ ಬಾಲ."

"ಚಿರತೆಗೆ ಇರೋದೇ ಒಂದು ಬಾಲ ಮಗಳೇ. ನಾನು ಹೇಳಿದ್ದು ಸುಳ್ಳು."

ಚಿಗುರಿ ತಾಯಿಯನ್ನು ದಿಟ್ಟಿಸಿ ನೋಡಿತು. "ನಿನ್ನೆ ಮೂರು ಅಂದೆ. ಇವತ್ತು ಒಂದು ಅಂತೀಯ. ನನ್ನನ್ನು ಹತ್ತಿರ ಕೂರಿಸಿಕೊಳ್ಳಬೇಕು ಅನಿಸಿದಾಗೆಲ್ಲ ನೀನು ಏನಾದರೂ ಒಂದು ಹೇಳುತ್ತೀಯ ಅವ್ವ."

 ಮರಿ ಹೇಳಿದ್ದು ಸರಿಯಾಗಿಯೇ ಇತ್ತು. ತಾನು ಕೆಳಗಿಳಿದರೆ ಇಬ್ಬರೂ ಹೋಗುತ್ತೇವೆ, ಇಳಿಯದಿದ್ದರೆ ಮರಿ ಹೋಗುತ್ತದೆ. ಗಾಳೆವ್ವ ಒಂದು ಬಿಳಲನ್ನು ಹಿಡಿದು ಇಳಿಯತೊಡಗಿದಳು. ಚಿರತೆ ಅವಳು ಇಳಿಯುವುದನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಮೇಲಿನ ಕೊಂಬೆ ಅಲ್ಲಾಡಿತು. ದುರುಗಜ್ಜ ಏದುಸಿರು ಬಿಡುತ್ತ ಬಂದಿದ್ದ. ಕೂಗು ಕೇಳಿ ಇಡೀ ಹಿಂಡು ಅವನ ಹಿಂದೆಯೇ ಬಂದು ಕೊಂಬೆ ಕೊಂಬೆಯಲ್ಲಿ ಕೂತಿತ್ತು. ಅವನ ಕತೆ ಕೇಳಿ ಹಣ್ಣು ತಂದುಕೊಡುವ ಮರಿಗಳೂ ಇದ್ದವು.

ದುರುಗಜ್ಜ ಆ ಮರಿಗಳನ್ನು ಒಮ್ಮೆ ನೋಡಿದ. ಆಮೇಲೆ ಕೆಳಗೆ ಬಗ್ಗಿ, "ಚಿಗುರಿ, ನಾನು ಕಾದಾಡಲೇ ಇಲ್ಲ," ಅಂದ.

"ಏನಜ್ಜಾ?"

"ಕಾದಾಡಲಿಲ್ಲ. ಒಂದು ಏಟೂ ಕೊಡಲಿಲ್ಲ. ಇದೇ ಹಳ್ಳದಲ್ಲಿ ನೀರು ಕುಡಿಯುತ್ತಿದ್ದೆ. ಪಕ್ಕದ ಪೊದೆಯಲ್ಲಿ ಅಳಿಲು ಆಡಿದ ಹಾಗೆ ಏನೋ ಮಿಸುಕಿತು. ಅಳಿಲೇ ಅಂದುಕೊಂಡೆ. ಅದು ಚಿರತೆಯ ಬಾಲದ ತುದಿ. ಮೇಲೆ ಹಾರುವ ಮುಂಚೆ ಅದು ಹಾಗೆ ಮಿಸುಕುತ್ತೆ. ನಾನು ಉಚ್ಚೆ ಹೊಯ್ದುಕೊಂಡು ಓಡಿದೆ ಮಗಾ. ಬಾಲ ಅದರ ಬಾಯಲ್ಲಿ ಉಳೀತು. ಮೊದಮೊದಲು ಇದನ್ನೇ ಹೇಳುತ್ತಿದ್ದೆ. ಯಾರೂ ಕೂತು ಕೇಳಲಿಲ್ಲ."

ಕೊಂಬೆಯ ಮೇಲಿದ್ದ ಒಂದು ಮರಿ ಕಿಸಕ್ಕನೆ ನಕ್ಕಿತು. ದುರುಗಜ್ಜನ ಕಪ್ಪು ಮೋರೆ ಇನ್ನಷ್ಟು ಕಪ್ಪಾಯಿತು. ಆದರೂ ಅವನು ಮೋಟು ಬಾಲವನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ.

ಚಿಗುರಿ ನಗಲಿಲ್ಲ. ಆ ಕಾದಾಟದ ಕತೆ ಅಂದರೆ ಅಜ್ಜನಿಗೆ ಎಷ್ಟು ಪ್ರೀತಿ ಅನ್ನುವುದು ಅದಕ್ಕೆ ಗೊತ್ತಿತ್ತು. ಯಾರೂ ಸುಮ್ಮಸುಮ್ಮನೆ ತಮ್ಮ ಮುಖಕ್ಕೆ ತಾವೇ ಮಸಿ ಬಳಿದುಕೊಳ್ಳುವುದಿಲ್ಲ. ಮರಿ ಮೆಲ್ಲನೆ ಕತ್ತು ತಿರುಗಿಸಿ ಅತ್ತೆಯ ಬಾಲದ ಕಡೆ ನೋಡಿತು.

ಹುಲ್ಲಿನಲ್ಲಿ ಬಾಲದ ತುದಿ ಮಿಸುಕುತ್ತಿತ್ತು.

ಚಿಗುರಿ ಚಂಗನೆ ಹಾರಿ ಬಿಳಲು ಹಿಡಿಯಿತು. ಅದೇ ಗಳಿಗೆಯಲ್ಲಿ ಚಿರತೆಯೂ ಹಾರಿತು. ಅರ್ಧ ಇಳಿದಿದ್ದ ಗಾಳೆವ್ವ ಕೈ ಚಾಚಿ ಮರಿಯ ತೋಳು ಹಿಡಿದು ಎಳೆದುಕೊಂಡಳು. ಚಿರತೆಯ ಉಗುರು ಬಿಳಲಿನ ಸಿಪ್ಪೆ ಸುಲಿದು, ಚಿಗುರಿಯ ಕಾಲಿನ ಒಂದಿಷ್ಟು ಕೂದಲನ್ನು ಕಿತ್ತುಕೊಂಡಿತು. ತಾಯಿ ಮರಿಯನ್ನು ಎದೆಗೆ ಒತ್ತಿಕೊಂಡು ಮೇಲೆ ಮೇಲೆ ಹತ್ತಿದಳು.

ಚಿರತೆಯೂ ಬೊಡ್ಡೆ ಹಿಡಿದು ಹತ್ತಿತು. ಮುಸುವಗಳೆಲ್ಲ ತೆಳುಕೊಂಬೆಗಳ ತುದಿಗೆ ಸರಿದವು. ಅಲ್ಲಿ ಅವುಗಳ ಭಾರ ನಿಲ್ಲುತ್ತದೆ, ಚಿರತೆಯ ಭಾರ ನಿಲ್ಲುವುದಿಲ್ಲ. ಕೊಂಬೆ ಕಿರ್ರೆಂದಿತು. ಚಿರತೆ ನಿಂತಿತು, ಗಾಳೆವ್ವನ ಮುಖವನ್ನೇ ನೋಡಿತು. ಆಮೇಲೆ ಇಳಿದು ಹುಲ್ಲಿನೊಳಗೆ ನಡೆದುಹೋಯಿತು. ಒಂದು ಕಡ್ಡಿ ಮುರಿದ ಸದ್ದೂ ಬರಲಿಲ್ಲ. ಅದು ಯಾವ ಕಡೆ ಹೋಯಿತೆಂದು ಯಾರಿಗೂ ಹೇಳಲಾಗಲಿಲ್ಲ.

 ಚಿಗುರಿ ತಾಯಿಯ ಎದೆಯಲ್ಲಿ ಮುಖ ಹುದುಗಿಸಿ ನಡುಗುತ್ತಿತ್ತು. ಗಾಳೆವ್ವನೂ ನಡುಗುತ್ತಿದ್ದಳು. ಯಾರ ನಡುಕ ಯಾರದೆಂದು ತಿಳಿಯುತ್ತಿರಲಿಲ್ಲ.

ಕೊನೆಗೆ ಮರಿ ತಲೆ ಎತ್ತಿ ಕೇಳಿತು. "ಅವ್ವಾ, ಹೆಬ್ಬಾವು ಹೇಗಿರುತ್ತೆ?"

ಗಾಳೆವ್ವನ ನಾಲಿಗೆಯ ತುದಿಗೆ ಎಷ್ಟೊಂದು ಮಾತು ಬಂದವು. ಸುತ್ತ ಕೂತ ತಾಯಂದಿರೆಲ್ಲ ಇವಳು ಏನು ಹೇಳುತ್ತಾಳೋ ಎಂದು ಕಿವಿಗೊಟ್ಟಿದ್ದರು. ಅವಳು ಆ ಮಾತುಗಳನ್ನೆಲ್ಲ ನುಂಗಿಕೊಂಡಳು.

"ಗೊತ್ತಿಲ್ಲ ಮಗಳೇ. ನಾನು ಅದನ್ನು ನೋಡಿಲ್ಲ."

ಚಿಗುರಿ ಈ ಮಾತನ್ನು ನಂಬಿತು.

ನೀತಿ: ಮಕ್ಕಳನ್ನು ಹೆದರಿಸಲು ಕಟ್ಟಿದ ಸುಳ್ಳು, ನಿಜವಾದ ಅಪಾಯ ಎದುರಿಗೆ ಬಂದಾಗ ಅವರ ಕಣ್ಣನ್ನೇ ಕಟ್ಟುತ್ತದೆ.