ಕೊಡುವ ನಿಬ್ಬು

"ಬುದ್ಧಿ, ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಅಂದವನಲ್ಲ. ಯಾರ ಜೊತೆಗೂ ಜಗಳ ಕಾಯ್ದವನಲ್ಲ. ನನ್ನ ಬಗ್ಗೆ ಯಾರ ಬಾಯಲ್ಲೂ ಕೆಟ್ಟ ಮಾತಿಲ್ಲ. ಆದರೂ ಪಂಕ್ತಿಯಲ್ಲಿ ನನ್ನ ಪಕ್ಕದ ಜಾಗ ಕಡೆಗೇ ತುಂಬುತ್ತದೆ. ನಾನು ಕಡಿಮೆ ಮಾಡಿದ್ದು ಎಲ್ಲಿ?"

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಬಾಳಯ್ಯ, ಅಲ್ಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಸ್ವಾಮಿಗಳು ಚಿಕ್ಕಂದಿನಲ್ಲಿ ಪೇಟೆಯ ನಡುವೆ ಬೆಳೆದವರು. ಅವರ ಕತೆಗಳಲ್ಲಿ ರಾಜರಿಗಿಂತ ಅಂಗಡಿಯವರೇ ಹೆಚ್ಚು.

"ನಿನಗೆ ಬೇಕಾದ್ದು ಸಮಾಧಾನವೋ, ಉತ್ತರವೋ?" ಎಂದು ಸ್ವಾಮಿಗಳು ಕೇಳಿದರು.

"ಉತ್ತರ, ಬುದ್ಧಿ."

"ಹಾಗಾದರೆ ಕೂತುಕೋ. ಸಮಾಧಾನವಾದರೆ ನಿಂತಲ್ಲೇ ಕೊಟ್ಟು ಕಳಿಸಬಹುದಿತ್ತು."

ಬಾಳಯ್ಯ ಕುಳಿತ. ಸ್ವಾಮಿಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ವ್ಯವಹಾರದಲ್ಲಿ ಗಟ್ಟಿ ಮನುಷ್ಯ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಾಗಿರಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋದರೆ ಬಾಗಿಲ ಬೀಗವನ್ನು ಅವನೇ ತೆಗೆಯಬೇಕಿತ್ತು.

ಅವನ ಬಳಿ ಒಂದು ಶಾಯಿಪೆನ್ನಿತ್ತು. ಪ್ರಾಯದಲ್ಲಿ ಆಸೆಪಟ್ಟು ಕೊಂಡದ್ದು. ಅವನು ಪೆನ್ನನ್ನು ಹೆಬ್ಬೆರಳ ಸಂದಿಗೆ ಮಲಗಿಸಿ ಬರೆಯುತ್ತಿದ್ದ. ಬರೆದು ಬರೆದು ನಿಬ್ಬಿನ ತುದಿ ಅದೇ ಓರೆಗೆ ಸವೆದಿತ್ತು. ಅವನ ಕೈಯಲ್ಲಿ ಅದು ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು.

ಶಾಯಿಪೆನ್ನಿನ ಗುಣ ಆ ಪೇಟೆಯವರಿಗೆಲ್ಲ ಗೊತ್ತಿತ್ತು. ಒಬ್ಬರ ಕೈಗೆ ಒಗ್ಗಿದ ನಿಬ್ಬನ್ನು ಇನ್ನೊಬ್ಬರು ಹಿಡಿದರೆ ಅದರ ಓಟ ಕೆಡುತ್ತದೆ. ಒಬ್ಬ ಒತ್ತಿ ಬರೆಯುತ್ತಾನೆ, ಒಬ್ಬ ಬೇರೆ ಓರೆಗೆ ಎಳೆಯುತ್ತಾನೆ. ಆದ್ದರಿಂದ ಪೆನ್ನನ್ನು ಯಾರೂ ಖುಷಿಯಿಂದ ಕೊಡುತ್ತಿರಲಿಲ್ಲ. ಆದರೆ ನಾಲ್ಕು ಜನ ಬಂದು ಹೋಗುವ ಜಾಗದಲ್ಲಿ ಕೂತವನು ಒಂದು ಪೆನ್ನಿಗೆ ಇಲ್ಲ ಅನ್ನುವುದೂ ಚೆನ್ನಾಗಿರುವುದಿಲ್ಲ. ಕೆಲವರು ಶಾಯಿ ಮುಗಿದಿದೆ ಎನ್ನುತ್ತಿದ್ದರು. ಕೆಲವರು ಕ್ಯಾಪು ತಮ್ಮಲ್ಲೇ ಇಟ್ಟುಕೊಂಡು ಪೆನ್ನು ಕೊಡುತ್ತಿದ್ದರು. ಕ್ಯಾಪಿಲ್ಲದ ಪೆನ್ನನ್ನು ಯಾರೂ ಜೇಬಿಗೆ ಸಿಕ್ಕಿಸಿಕೊಂಡು ಹೋಗುವುದಿಲ್ಲ. ಹಾಗೆ ಮಾಡಿದವರ ಪೆನ್ನು ಉಳಿಯುತ್ತಿತ್ತು, ನಿಬ್ಬು ಉಳಿಯುತ್ತಿರಲಿಲ್ಲ.

ವರ್ತಕ ಬೇರೆ ದಾರಿ ಕಂಡುಕೊಂಡ. ಅದೇ ತಯಾರಿಕೆಯ, ಅದೇ ಅಳತೆಯ ಇನ್ನೊಂದು ನಿಬ್ಬು ತಂದು ಹಳೆಯ ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡ. ಯಾರಾದರೂ ಪೆನ್ನು ಕೇಳಿದರೆ, "ತಾಳಿ, ಶಾಯಿ ನೋಡಿ ಕೊಡ್ತೀನಿ" ಎಂದು ಗೋಡೆಯ ಕಡೆ ತಿರುಗುತ್ತಿದ್ದ. ತನ್ನ ನಿಬ್ಬನ್ನು ಬಟ್ಟೆಯಲ್ಲಿ ಹಿಡಿದು ಎಳೆದು, ಒರೆಸಿ, ಡಬ್ಬಿಗೆ ಹಾಕುತ್ತಿದ್ದ. ಕೊಡುವ ನಿಬ್ಬನ್ನು ಕೂರಿಸಿ ಕೊಡುತ್ತಿದ್ದ. ಪೆನ್ನು ಮರಳಿದ ಮೇಲೆ ಮತ್ತೆ ಗೋಡೆಯ ಕಡೆ ತಿರುಗಿ ತನ್ನದನ್ನು ಕೂರಿಸುತ್ತಿದ್ದ. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನ ಕೆಲಸ. ಬೆರಳಿಗೆ ಒಂದಿಷ್ಟು ಶಾಯಿ ಹತ್ತುತ್ತಿತ್ತು, ಅಷ್ಟೇ.

ಉಪಾಯ ಚೆನ್ನಾಗಿಯೇ ಇತ್ತು. ಕೇಳಿದವರಿಗೆ ಪೆನ್ನು ಕೊಡುವವನೆಂಬ ಹೆಸರು ಬಂತು, ನಿಬ್ಬೂ ಉಳಿಯಿತು. ಎರಡೂ ನಿಬ್ಬು ನೋಡಲು ಒಂದೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಕೊಡುವ ನಿಬ್ಬಿನ ಗತಿ ಮಾತ್ರ ಬೇರೆಯಾಯಿತು. ಗಾಡಿಯವರು ಬರೆದರು, ಹಮಾಲರ ಮೇಸ್ತ್ರಿ ಬರೆದ, ಸಂತೆಗೆ ಬಂದವರು ಬರೆದರು. ಎಲ್ಲರ ಕೈಯೂ ಎಳೆದಾಡಿದ ನಿಬ್ಬು ಯಾರ ಕೈಗೂ ಒಗ್ಗಲಿಲ್ಲ. ಕಾಗದ ಕೆರೆಯುತ್ತಿತ್ತು, ಶಾಯಿ ಉಗುಳುತ್ತಿತ್ತು. ಜನ ಹೇಗೋ ಬರೆದು ಮುಗಿಸಿ, ಪೆನ್ನು ಹಿಂದಿರುಗಿಸಿ ಹೋಗುತ್ತಿದ್ದರು. ಮುಂದಿನ ಸಲ ಪೆನ್ನು ಬೇಕಾದಾಗ ಬೇರೆ ಅಂಗಡಿ ಹತ್ತುತ್ತಿದ್ದರು. ವರ್ತಕನಿಗೆ ಇದೂ ಲಾಭವೆಂದೇ ಕಂಡಿತು.

ಒಬ್ಬ ಮಾತ್ರ ಬರುವುದನ್ನು ಬಿಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಹಗ್ಗ ಮಾರುತ್ತಿದ್ದ ಕೊಟ್ರಪ್ಪ. ಸಂಜೆ ಗಿರಾಕಿ ತೆಳುವಾದಾಗ ಎರಡು ಲೋಟ ಚಹಾ ಹಿಡಿದುಕೊಂಡು ಬಂದು, ಬೆಲ್ಲದ ಮೂಟೆಗೆ ಒರಗಿ ಕೂರುತ್ತಿದ್ದ. ಯಾರ ಮನೆಯ ಎಮ್ಮೆ ಯಾರ ಹಗ್ಗ ಹರಿದುಕೊಂಡು ಹೋಯಿತು, ಆಮೇಲೆ ಅದನ್ನು ಹಿಡಿಯಲು ಹೋದವನ ಪಂಚೆ ಏನಾಯಿತು, ಇಂಥ ಮಾತು. ದಿನವೆಲ್ಲ ದರ ಹೇಳಿ ಒಣಗಿದ ವರ್ತಕನ ಬಾಯಿಗೆ ನಗು ಬರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಕೊಟ್ರಪ್ಪನೂ ಆಗಾಗ ಪೆನ್ನು ಕೇಳುತ್ತಿದ್ದ. ಹಗ್ಗ ಎಳೆದು ದಡ್ಡುಗಟ್ಟಿದ ಕೈ. ಪೆನ್ನನ್ನು ಗೂಟ ನೆಟ್ಟ ಹಾಗೆ ನೆಟ್ಟಗೆ ಹಿಡಿದು ಒತ್ತಿ ಬರೆಯುತ್ತಿದ್ದ. ವರ್ತಕ ಅವನಿಗೂ ಗೋಡೆಯ ಕಡೆ ತಿರುಗಿ, ನಿಬ್ಬು ಬದಲಿಸಿಯೇ ಕೊಡುತ್ತಿದ್ದ.

"ಏನ್ ಶೆಟ್ರೇ, ನಿಮ್ಮ ಪೆನ್ನು ನಮ್ಮ ಸೋದರತ್ತೆ ಇದ್ದಂಗಿದೆ. ಮುಟ್ಟಿದ್ರೆ ಪರಚುತ್ತೆ."

"ಹಳೇದಾಯ್ತು ಕೊಟ್ರಪ್ಪ. ಏನೋ ಕಾಲ ಹಾಕ್ತಾ ಇದೆ."

"ಇದನ್ನ ಹಿಡಿದು ದಿನಾ ಹೆಂಗೆ ಬರೀತೀರೋ ಮಾರಾಯರೇ! ನಾನಾಗಿದ್ರೆ ಹೆಬ್ಬೆಟ್ಟು ಒತ್ತಿ ಬದುಕ್ತಿದ್ದೆ."

ವರ್ತಕ ನಗುತ್ತಿದ್ದ. ಕೊಟ್ರಪ್ಪನಿಗೆ ಮಾತ್ರ ಒಳಗೊಳಗೆ ಕನಿಕರವಾಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸಿರುವ ಮನುಷ್ಯ, ತನಗಾಗಿ ಒಂದು ಒಳ್ಳೆಯ ನಿಬ್ಬು ತಂದುಕೊಳ್ಳಲಾರನಲ್ಲ ಎಂದು.

ಹೀಗಿರಲು ಕೊಟ್ರಪ್ಪ ಸರಕಿಗೆಂದು ದೊಡ್ಡ ಪಟ್ಟಣಕ್ಕೆ ಹೋದ. ಮರಳಿದವನು ಚೀಲವನ್ನೂ ಇಳಿಸದೆ ನೇರವಾಗಿ ಬೆಲ್ಲದ ಅಂಗಡಿ ಹೊಕ್ಕ. ಯಾರೋ ಗಿರಾಕಿ ಆಗಷ್ಟೇ ಪೆನ್ನು ಹಿಂದಿರುಗಿಸಿ ಹೋಗಿದ್ದ. ವರ್ತಕ ಗೋಡೆಯ ಕಡೆ ತಿರುಗಿ ಕುಳಿತಿದ್ದ.

"ಶೆಟ್ರೇ, ಕಣ್ಣು ಮುಚ್ಚಿ ಕೈ ಚಾಚಿ. ನಿಮಗೊಂದು ಹೊಸ ನಿಬ್ಬು ತಂದಿದ್ದೀನಿ. ಇನ್ನು ಆ ಪರಚಾಟ ಸಾಕು."

ವರ್ತಕ ಬೆಚ್ಚಿ ತಿರುಗಿದ. ತೊಡೆಯ ಮೇಲಿನ ಬಟ್ಟೆಯಲ್ಲಿ ಎರಡು ನಿಬ್ಬುಗಳಿದ್ದವು. ಪೆನ್ನಿನ ಬಾಯಿ ಖಾಲಿಯಿತ್ತು. ಪಕ್ಕದಲ್ಲಿ ಡಬ್ಬಿ ತೆರೆದೇ ಇತ್ತು.

"ಇದೇನು, ಎರಡಿದಾವೆ?" ಎಂದ ಕೊಟ್ರಪ್ಪ.

ನೇರವಾಗಿ ಕೇಳಿದರೆ ವರ್ತಕ ಸುಳ್ಳು ಹೇಳುವವನಲ್ಲ. "ಒಂದು ನಾನು ಬರೆಯೋದು. ಒಂದು ಕೊಡೋದು" ಎಂದ.

"ನನಗೆ ಯಾವುದು ಕೊಡ್ತಿದ್ರಿ?"

"ಎಲ್ಲರಿಗೂ ಒಂದೇ ಕೊಟ್ಟಿದ್ದೀನಿ ಕೊಟ್ರಪ್ಪ. ನಾನು ಯಾರಿಗೂ ಭೇದ ಮಾಡಿದವನಲ್ಲ."

ಇದು ನ್ಯಾಯವಾದ ಉತ್ತರವೆಂದೇ ಅವನು ನಂಬಿದ್ದ. ಬೆಲ್ಲದ ವಿಷಯಕ್ಕಾದರೆ ಅದು ನ್ಯಾಯವೂ ಹೌದು.

ಕೊಟ್ರಪ್ಪ ತಾನು ತಂದ ಪೊಟ್ಟಣವನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟ. "ಇದನ್ನೂ ಆ ಡಬ್ಬಿಗೇ ಹಾಕ್ಕೊಳ್ಳಿ ಶೆಟ್ರೇ. ಕೊಡೋಕಾಗುತ್ತೆ" ಎಂದು ಹೇಳಿ ತನ್ನ ಅಂಗಡಿಗೆ ಹೋದ.

ಜಗಳವೇನೂ ಆಗಲಿಲ್ಲ. ಬೆಳಗ್ಗೆ ಹಲಗೆ ಬಾಗಿಲು ತೆಗೆಯುವಾಗ ಎದುರಾದರೆ ಕೊಟ್ರಪ್ಪ ನಮಸ್ಕಾರ ಹೇಳುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಸಂಜೆಯ ಚಹಾವನ್ನು ಮಾತ್ರ ತನ್ನ ಅಂಗಡಿಯಲ್ಲೇ ಕುಡಿಯತೊಡಗಿದ.

ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡ ವರ್ತಕ. ಹೋಗಲಿಲ್ಲ. ಚಹಾ ತಾನೇ ತರಿಸಿಕೊಂಡ. ಚಹಾದಲ್ಲಿ ದೋಷವೇನೂ ಇರಲಿಲ್ಲ, ಬೇಗ ಮುಗಿದುಹೋಗುತ್ತಿತ್ತು. ಗೋಡೆಯಾಚೆ ಒಮ್ಮೊಮ್ಮೆ ಕೊಟ್ರಪ್ಪನ ನಗು ಕೇಳಿಸುತ್ತಿತ್ತು. ಯಾವ ಮಾತಿಗೆ ನಕ್ಕನೆಂದು ತಿಳಿಯುತ್ತಿರಲಿಲ್ಲ. ಬೆಲ್ಲದ ಮೂಟೆಗೆ ನೊಣ ಮುತ್ತುವುದನ್ನು ನೋಡುತ್ತ ಅವನು ಅಂಗಡಿಯನ್ನು ಇನ್ನಷ್ಟು ಹೊತ್ತು ತೆರೆದಿಡುತ್ತಿದ್ದ. ಗಿರಾಕಿಗಾಗಿ ಅಲ್ಲ. ಮನೆಗೆ ಹೋಗಿ ಮಾಡುವುದೇನಿತ್ತು?

ಆತ ವ್ಯವಹಾರಸ್ಥ. ನಷ್ಟವಾಗಿದೆ ಎಂದು ಗೊತ್ತಾದ ಮೇಲೆ ಸುಮ್ಮನೆ ಕೂರುವವನಲ್ಲ. ಒಂದು ಸಂಜೆ ಕೊಡುವ ನಿಬ್ಬನ್ನು ಚರಂಡಿಗೆ ಎಸೆದ. ತನ್ನ ನಿಬ್ಬನ್ನು ಪೆನ್ನಿಗೆ ಭದ್ರವಾಗಿ ಕೂರಿಸಿ, ಶಾಯಿ ತುಂಬಿಸಿ, ಹಗ್ಗದ ಅಂಗಡಿಯ ಮೆಟ್ಟಿಲು ಹತ್ತಿದ. ಇಷ್ಟು ವರ್ಷ ಪಕ್ಕದಲ್ಲಿದ್ದರೂ ಅವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಇದುವರೆಗೆ ಬರುತ್ತಿದ್ದವನು ಕೊಟ್ರಪ್ಪನೇ.

"ಕೊಟ್ರಪ್ಪ, ಇದು ನನ್ನದೇ ನಿಬ್ಬು. ತಗೋ, ಬರಿ. ಎಷ್ಟು ಬೇಕಾದರೂ ಒತ್ತಿ ಬರಿ."

ಕೊಟ್ರಪ್ಪ ಅವನ ಮುಖ ನೋಡಿದ. ಸಂಜೆ ಅವನಿಗೂ ಉದ್ದವಾಗಿತ್ತು. ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಎಂದಿನಂತೆ ನೆಟ್ಟಗೆ ಹಿಡಿದ. ಒಂದು ಚೂರು ಕಾಗದದ ಮೇಲೆ ತನ್ನ ಹೆಸರು ಬರೆಯತೊಡಗಿದ.

ಪೆನ್ನು ಮಲಗಿಸಿ ಹಿಡಿಯುವ ಕೈಗೆ ಸವೆದ ನಿಬ್ಬು ಅದು. ಇಷ್ಟು ವರ್ಷ ಬೇರೆ ಕೈ ಕಂಡದ್ದಲ್ಲ. ನೆಟ್ಟಗೆ ನಿಲ್ಲಿಸಿದ ಕೂಡಲೇ ಕಾಗದಕ್ಕೆ ಸಿಕ್ಕಿಕೊಂಡಿತು. ಕೆರ್ರೆಂದು ಕೆರೆಯಿತು. ಹೆಸರು ಅರ್ಧವಾಗುವುದರೊಳಗೆ ಒಂದು ಹನಿ ಶಾಯಿ ಉಗುಳಿತು.

ಕೊಟ್ರಪ್ಪ ಪೆನ್ನನ್ನು ಎತ್ತಿ ನಿಬ್ಬನ್ನು ನೋಡಿದ. ನೋಡಿ ತಿಳಿಯುವ ವ್ಯತ್ಯಾಸ ಮೊದಲೂ ಇರಲಿಲ್ಲ.

"ಇದು ನಂದೇ ಕಣೋ. ಆಣೆ ಇಡ್ತೀನಿ" ಎಂದ ವರ್ತಕ.

"ಹೌದು ಶೆಟ್ರೇ. ನಿಮ್ಮದೇ" ಎಂದು ಕೊಟ್ರಪ್ಪ ಕ್ಯಾಪು ಹಾಕಿ ಪೆನ್ನನ್ನು ಹಿಂದಿರುಗಿಸಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವರ್ತಕ ಇನ್ನೊಂದು ಮಾತಾಡಬಹುದಿತ್ತು.

ತಾನೇ ಬರೆದು ತೋರಿಸಲೇ ಎಂದು ವರ್ತಕನಿಗೆ ಅನ್ನಿಸಿತು. ತನ್ನ ಕೈಯಲ್ಲಿ ಅದು ಓಡುತ್ತದೆ, ಸಂಶಯವಿಲ್ಲ. ಆದರೆ ಅದನ್ನು ತೋರಿಸಿ ಆಗುವುದೇನು? ಮೆಟ್ಟಿಲಿಳಿದು ತನ್ನ ಜಾಗಕ್ಕೆ ಬಂದು ಕುಳಿತ.

ಆಮೇಲೂ ಆ ಪೆನ್ನು ಬಹಳ ಕಾಲ ಚೆನ್ನಾಗಿ ಬರೆಯಿತು. ಕೇಳಿಕೊಂಡು ಯಾರೂ ಬರಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಬಾಳಯ್ಯ ಯೋಚಿಸಿದ. ಉಗ್ರಾಣ ಕಾದವನು; ಯಾವ ಪದಾರ್ಥ ಹೇಗಿಟ್ಟರೆ ಕೆಡುವುದಿಲ್ಲ ಎಂದು ನೋಡುವುದೇ ಅವನ ದಿನದ ಕೆಲಸ.

"ಬುದ್ಧಿ, ಒಂದು ಮಾತು. ಮೊದಲಿನಿಂದಲೂ ಅವನು ತನ್ನ ನಿಬ್ಬನ್ನೇ ಕೊಟ್ಟಿದ್ದರೆ, ಆ ಹಗ್ಗದವನ ಕೈಗೆ ಸಿಕ್ಕಿ ಅದು ಕೆಟ್ಟುಹೋಗುತ್ತಿರಲಿಲ್ಲವೇ?"

ಸ್ವಾಮಿಗಳು ಹೇಳಿದರು: "ಕೆಡುತ್ತಿತ್ತು ಬಾಳಯ್ಯ, ಇಬ್ಬರೂ ಬರೆಯುವಷ್ಟು ಕೆಡುತ್ತಿತ್ತು."